ಮಾಳಿಗೆಯ ಮೇಲಿನ ತಳವಿಲ್ಲದ ಮಡಕೆ

ಇಷ್ಟಕ್ಕೆಲ್ಲ ಕಾರಣ ಮಾಳಿಗೆಯಲ್ಲಿನ ಒಂದು ತೂತು.

ಕೂಕಾ ಚಿಕ್ಕವನಿದ್ದಾಗ ಪೋಕೋ ಅಜ್ಜಿಯ ಮಣ್ಣಿನ ಮನೆಗೆ ಅಂಥದೊಂದು ತೂತಿತ್ತು. ಅದಕ್ಕೆ ತಳವಿಲ್ಲದ ಮಡಕೆ ಸಿಕ್ಕಿಸಿದ್ದರು. ಒಳಗಿನ ಧಗೆಯೆಲ್ಲ ಅದರಿಂದ ಮೇಲೇರಿ ಹೋಗುತ್ತಿತ್ತು; ಮಳೆ ಬಂದರೆ ಅಜ್ಜಿ ಸೋರೆಬುರುಡೆ ಮುಚ್ಚುತ್ತಿದ್ದಳು. ಮಧ್ಯಾಹ್ನ ತಟ್ಟೆಯಗಲದ ಬಿಸಿಲು ಅಲ್ಲಿಂದಿಳಿದು ಮಲಗಿದ ಕೂಕಾನ ಹೊಟ್ಟೆಯ ಮೇಲೆ ತೆವಳುತ್ತಿತ್ತು. ಆ ಮನೆ ಯಾವುದೋ ಮಳೆಗಾಲದಲ್ಲಿ ಕುಸಿಯಿತು. ಆ ತಂಪನ್ನು ಅವನು ಮರೆತಿರಲಿಲ್ಲ.

ರಾಜಧಾನಿ ವಾಗಡುಗುವಿನಲ್ಲಿ ಮನೆಗಳ ನಕ್ಷೆ ಬರೆಯಲು ಕಲಿತು ತನ್ನೂರು ಕುಡುಗುಗೆ ಮರಳಿದ ಕೂಕಾ ಹಿತ್ತಲಲ್ಲಿ ಅದೇ ಥರದ ಪುಟ್ಟ ಮನೆ ಕಟ್ಟಿದ. ದಪ್ಪ ಗೋಡೆ, ಮಳೆನೀರಿಗೆ ತೊಟ್ಟಿ, ಮೇಲೆ ತಳವಿಲ್ಲದ ಮಡಕೆ. ಕರೆಂಟಿನ ಹಂಗಿಲ್ಲ. ಇವತ್ತು ಪುರಸಭೆಯ ಅಧಿಕಾರಿ ಬಂದು ಮೆಚ್ಚಿದರೆ ಕೇರಿಯ ಹೆರಿಗೆಮನೆಯನ್ನು ಹೀಗೇ ಕಟ್ಟುತ್ತಾರೆ. ಇಲ್ಲವೆಂದರೆ ಮತ್ತೆ ತಗಡಿನ ಸೂರು. ಅಂಥ ತಗಡಿನಡಿ ಏಪ್ರಿಲ್‌ನಲ್ಲಿ ಹೆತ್ತು ಕೂಕಾನ ಅಕ್ಕ ಮೂರ್ಛೆ ಹೋಗಿದ್ದಳು.

ಹತ್ತು ಗಂಟೆಗೆ ಪಕ್ಕದ ಮನೆಯ ದರ್ಜಿ ಟೋಯೆ ಚಾಪೆ ಹಿಡಿದು ಬಂದ.

"ಆಚೆ ಸರಿಯೋ, ಕತ್ತೆ ತಿನ್ನೋ ಮೊಸ್ಸಿ. ನಿನ್ನ ಯಜಮಾನ ಮಲಗ್ಬೇಕು."

ಟೋಯೆ ಸಾಮೋ ಜನದವನು, ಕೂಕಾ ಮೊಸ್ಸಿ. ಮೊಸ್ಸಿಗಳಿಗೂ ಸಾಮೋಗಳಿಗೂ ಹಿರಿಯರ ಕಾಲದಿಂದ ಹಾಸ್ಯದ ನೆಂಟಸ್ತಿಕೆ. ಅವನು ಏನೇ ಅಂದರೂ ಕೂಕಾ ಸಿಟ್ಟಾಗುವಂತಿಲ್ಲ, ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ಚಾಪೆಯ ಹಿಂದೆ ಹೊಲಿಗೆ ಯಂತ್ರ ಬಂತು, ಅದರ ಹಿಂದೆ ಬೆಂಡೆಕಾಯಿ ಮಾರುವ ಹೆಂಗಸರು, ಅವರ ಹಿಂದೆ ಮರಿಗಳ ಸಮೇತ ಒಂದು ಕೋಳಿ. ಇಷ್ಟು ಜನರ ಬೆವರಿಗೆ ಒಳಗಿನ ಉಷ್ಣಮಾಪಕ ಮೂವತ್ತೇಳು ಡಿಗ್ರಿಗೇರಿತು. ಕೂಕಾ ಕೈಮುಗಿದ, ಗದರಿದ, ಯಾರೂ ಕದಲಲಿಲ್ಲ. ಕೊನೆಗೆ ಒಂದು ಕೊಡ ಡೋಲೋ ಹೆಂಡ ತರಿಸಿ ಬೇವಿನ ಮರದಡಿ ಇಟ್ಟ. ಕ್ಷಣದಲ್ಲಿ ಮನೆ ಖಾಲಿಯಾಯಿತು, ಒಳಗೆ ಕೂತಿದ್ದ ಪೋಕೋ ಅಜ್ಜಿಯೂ ಎದ್ದು ಹೋದಳು.

ಅಧಿಕಾರಿ ಬಂದರು. ನಗುವೇ ಇಲ್ಲದ ಮನುಷ್ಯ. ಹೊರಗೆ ನಲವತ್ತಮೂರು, ಒಳಗೆ ಮೂವತ್ತೆರಡು. ಮಡಕೆಯ ಯೋಚನೆ ಯಾರದೋ ಅವರದೇ ಹೆಸರು ಬರೆದುಕೊಳ್ಳುತ್ತೇನೆ, ಹೆರಿಗೆಮನೆ ಅವರ ಮನೆಯವರೇ ಕಟ್ಟಿಸಲಿ ಎಂದರು. ಕೂಕಾ ಎದೆಯುಬ್ಬಿಸಿ, ನಮ್ಮಜ್ಜ ಗಾಳಿಯ ಲೆಕ್ಕ ಹಾಕಿ ಇಟ್ಟದ್ದು, ಬೇಕಾದರೆ ಅಜ್ಜಿಯನ್ನೇ ಕೇಳಿ ಎಂದ.

ಅಜ್ಜಿಗೆ ಎರಡು ಬುರುಡೆ ಡೋಲೋ ಇಳಿದಿತ್ತು.

"ಎಂಥಾ ಗಾಳಿ ಲೆಕ್ಕವೋ ಮಗನೆ. ನಾನು ಹೆಂಡದ ಮಡಕೆ ಮಾಳಿಗೆ ಮೇಲೆ ಬಚ್ಚಿಟ್ಟಿದ್ದೆ. ನಿಮ್ಮಜ್ಜ ಕದ್ದು ಹತ್ತಿದ. ಈ ಟೋಯೆಯ ಅಜ್ಜ ಕೆಳಗಿಂದ ಏಣಿ ತೆಗೆದುಬಿಟ್ಟ. ನಿಮ್ಮಜ್ಜ ಅಲ್ಲೇ ಕುಡಿದು ಕುಣಿದ. ಮಡಕೆ ತಳಾನೂ ಒಡೀತು, ಒಂದು ಕಾಲೂ ಮಾಳಿಗೆ ತೂರಿ ನೇತಾಡ್ತು. ಕಾಲು ಎಳ್ಕೊಂಡ ತೂತಿಗೆ ಅದೇ ಮಡಕೆ ಸಿಕ್ಕಿಸಿದ್ವಿ. ಮನೆ ತಣ್ಣಗಾಯ್ತು, ಹಂಗೇ ಬಿಟ್ವಿ."

ಟೋಯೆ ಬಾಯಿ ಒರೆಸಿಕೊಂಡು ಎದ್ದು ನಿಂತ. "ಏಣಿ ತೆಗೀದಿದ್ರೆ ಇವರಜ್ಜ ಸುಮ್ನೆ ಇಳ್ಕೊಂಡು ಹೋಗ್ತಿದ್ದ. ತೂತೂ ಇಲ್ಲ, ತಂಪೂ ಇಲ್ಲ. ಯೋಚನೆ ನಮ್ಮಜ್ಜಂದು ಸಾಹೇಬ್ರೆ."

ಕೂಕಾ ನ್ಯಾಯಕ್ಕಾಗಿ ಅಧಿಕಾರಿಯ ಮುಖ ನೋಡಿದ. ಆ ಮುಖದಲ್ಲಿ ಮೊದಲ ಸಲ ನಗು ಮೂಡಿತು.

"ನನ್ನ ಹೆಸರು ಪಾರೆ, ಕೂಕಾ. ನಾನೂ ಸಾಮೋನೇ."

ಕಾಗದದಲ್ಲಿ ಹೆರಿಗೆಮನೆ ಮಂಜೂರಾಯಿತು. ಕಟ್ಟಿಸುವವನು ಟೋಯೆ, ದರ್ಜಿ. ಮಣ್ಣು ಕಲಸಲು ಕೂಕಾ.

ಸಿಟ್ಟಾಗುವಂತಿಲ್ಲವಲ್ಲ, ಕೂಕಾ ನಕ್ಕ. ಎಲ್ಲರೂ ಹೋದ ಮೇಲೆ ಸ್ವಲ್ಪ ಹೊತ್ತು ಅಡ್ಡಾಗೋಣವೆಂದು ಒಳಗೆ ಇಣುಕಿದ. ಮಡಕೆಯಿಂದ ಇಳಿದ ತಟ್ಟೆಯಗಲದ ಬಿಸಿಲು, ಹಿಂದಿನ ಹಾಗೆಯೇ, ಮೆಲ್ಲಗೆ ತೆವಳುತ್ತಿತ್ತು. ಗೊರಕೆ ಹೊಡೆಯುತ್ತಿದ್ದ ಟೋಯೆಯ ಹೊಟ್ಟೆಯ ಮೇಲೆ.