ಬಿಡಿಸಲ್ಲ ಅಂದ್ರೆ ಬಿಡಿಸಲ್ಲ

ಬೆಳಿಗ್ಗೆ ಹಲ್ಲುಜ್ಜುತ್ತಲೇ ನಡುಮನೆಗೆ ಬಂದ ಅಂಟಣ್ಣನಿಗೆ ಮೇಜಿನ ಬಳಿ ಕಂಡದ್ದು ಒಂದು ಬಟ್ಟಲು ಉಗುರುಬೆಚ್ಚಗಿನ ನೀರು, ಒಂದು ಚಿಮುಟ, ಮತ್ತು ತನ್ನ ಪತ್ರ. ಪತ್ರ ಆಗಲೇ ಮಹಡಿ ಮನೆಯ ಮೇಷ್ಟ್ರ ಕೈಯಲ್ಲಿದ್ದು, ಬಟ್ಟಲಿನ ಕಡೆ ಹೊರಟಿತ್ತು.

"ಮುಟ್ಟಬೇಡಿ!"

ಅಂಟಣ್ಣ ಹಾರಿ ಬಂದು ಪತ್ರ ಕಿತ್ತುಕೊಂಡ. ಬಾಯಲ್ಲಿದ್ದ ನೊರೆ ಮೇಷ್ಟ್ರ ಕನ್ನಡಕದ ಮೇಲೆ ಹೋಗಿ ಕೂತಿತು.

ಅದೇನು ಸಾಮಾನ್ಯ ಪತ್ರವೇ? ಅಮೆರಿಕ ದೇಶ ಮೊಟ್ಟಮೊದಲ ಅಂಚೆಚೀಟಿಗಳನ್ನು ಹೊರಡಿಸಿದ ಸಾವಿರದ ಎಂಟುನೂರ ನಲವತ್ತೇಳರ ಕಾಲದ್ದು. ಕಂದು ಬಣ್ಣದ ಐದು ಸೆಂಟಿನ ಚೀಟಿ. ಅಂಚಿನಲ್ಲಿ ಹಲ್ಲುಗಳಿಲ್ಲ, ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ್ದು. ಅಂಚೆಯವರ ಕೆಂಪು ಮುದ್ರೆ ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿತ್ತು. ಲಕೋಟೆಯ ರೂಢಿ ಅಷ್ಟಾಗಿ ಇಲ್ಲದ ಕಾಲ, ಬರೆದ ಹಾಳೆಯನ್ನೇ ಮಡಚಿ ಬೆನ್ನಿಗೆ ವಿಳಾಸ ಬರೆದಿದ್ದರು. ಒಳಗೆ ಯಾವನೋ ತಮ್ಮ ತನ್ನ ಅಕ್ಕನಿಗೆ, ನೀನು ನೋಡಿಟ್ಟ ಹುಡುಗಿಯನ್ನು ನಾನು ಮದುವೆಯಾಗುವುದಿಲ್ಲ, ಇನ್ನು ಆ ಮಾತೆತ್ತಬೇಡ ಎಂದು ಎರಡು ಪುಟ ಒದರಿಕೊಂಡಿದ್ದ. ಇಂಥ ಗಟ್ಟಿ ಆಸಾಮಿಯ ಪತ್ರಕ್ಕಾಗಿ ಅಂಟಣ್ಣ ಇಪ್ಪತ್ತೆರಡು ವರ್ಷ ಕೂಡಿಹಾಕಿದ ಒಂಬತ್ತು ಆಲ್ಬಮ್‌ಗಳನ್ನು ಇನ್ನೊಬ್ಬ ಸಂಗ್ರಾಹಕನಿಗೆ ಕೊಟ್ಟು ಬಂದಿದ್ದ. ಅವತ್ತಿನಿಂದ ಅವನ ಬುದ್ಧಿಯ ವಿಚಾರದಲ್ಲಿ ಬೀದಿಯಲ್ಲಿ ಎರಡು ಮಾತಿರಲಿಲ್ಲ.

"ಸಂಜೆ ಪ್ರದರ್ಶನ ಅಂತೀರಿ. ಆ ಕೊಳಕು ಕಾಗದ ಹಿಡ್ಕೊಂಡು ಹೋಗ್ತೀರಾ?" ಎಂದಳು ಹೆಂಡತಿ. "ಚೀಟಿ ಬಿಡಿಸಿ, ತೊಳೆದು, ಚೆನ್ನಾಗಿರೋ ಹಾಳೆ ಮೇಲೆ ಅಂಟಿಸಿಕೊಡಿ ಅಂತ ಮೇಷ್ಟ್ರನ್ನ ನಾನೇ ಕರೆದೆ."

"ಎರಡೇ ನಿಮಿಷದ ಕೆಲಸ ಕಣಪ್ಪ," ಎಂದರು ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ಮೇಷ್ಟ್ರು, ಕನ್ನಡಕ ಒರೆಸುತ್ತ.

"ಪತ್ರದ ಮೇಲಿದ್ರೇನೇ ಅದಕ್ಕೆ ಬೆಲೆ! ಬಿಡಿಸಿದ್ರೆ ಹೋಯ್ತು. ಬಿಡಿಸಲ್ಲ ಅಂದ್ರೆ ಬಿಡಿಸಲ್ಲ!"

ಹಿಡಿದ ಮಾತಿಗೆ ಹೀಗೆ ಅಂಟಿಕೊಳ್ಳುವುದರಿಂದಲೇ ಅವನಿಗೆ ಆ ಹೆಸರು ಬಿದ್ದದ್ದು. ತಿಂಡಿಯನ್ನೂ ತಿನ್ನದೆ, ಪತ್ರವನ್ನು ರಟ್ಟುಗಳ ನಡುವೆ ಇಟ್ಟು, ಅಂಗಿಯೊಳಗೆ ಸೇರಿಸಿ, ಎದೆಗೆ ಪೆಟ್ಟಾದವನ ಹಾಗೆ ನೆಟ್ಟಗೆ ನಡೆಯುತ್ತ ಕೆಲಸಕ್ಕೆ ಹೊರಟ.

ಕೆಲಸ ಸಾರ್ವಜನಿಕ ಗ್ರಂಥಾಲಯದಲ್ಲಿ, ಪುಸ್ತಕಗಳ ಪಟ್ಟಿ ಬರೆಯುವುದು. ಅಲ್ಲಿ ನೆಮ್ಮದಿ ಸಿಗುತ್ತದೆಂದು ಅವನು ತಿಳಿದಿದ್ದ. ಆದರೆ ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರ್ ಮಾಮನಿಗೆ ಅಂಟು ಎಂದರೆ ಪ್ರಾಣ.

"ಹಳೇ ಗೋಂದು ಕಣಯ್ಯ. ನೀರ್ಯಾಕೆ? ಹಬೆ ತೋರಿಸಿದ್ರೆ ತಾನಾಗೇ ಕಳಚಿ ಬರುತ್ತೆ," ಎಂದು, ಬೆಳಗಿನ ಕಥೆಯನ್ನು ಅಂಟಣ್ಣನ ಬಾಯಿಂದಲೇ ಕೇಳಿದ ಮಾಮ ಚಹಾದ ಕೆಟಲನ್ನು ಎತ್ತಿಕೊಂಡೇ ಬಂದ. ಅದರ ಮೂತಿಯಿಂದ ಹಬೆ ಬುಸುಗುಡುತ್ತಿತ್ತು.

"ಹತ್ತಿರ ಬಂದ್ರೆ ನೋಡು ಮಾಮ!"

ಮುಂದೆ ಅಂಟಣ್ಣ, ಹಿಂದೆ ಕೆಟಲು. ಇತಿಹಾಸದ ಸಾಲು ದಾಟಿ, ಭೂಗೋಳ ಸುತ್ತಿ, ಕೊನೆಗೆ ಅಂಟಣ್ಣ ಕಾದಂಬರಿಗಳ ಕಪಾಟಿಗೆ ಒರಗಿಸಿದ್ದ ಏಣಿಯ ತುತ್ತತುದಿ ಏರಿ ಕೂತ.

"ಯಾರು ಬೇಕಾದ್ರೂ ಬರ್ಲಿ! ನನ್ನ ಹೆಣ ಬಿದ್ದ ಮೇಲೇನೇ ಈ ಚೀಟಿ ಬಿಡಿಸೋದು!"

"ಶ್ಶ್!" ಎಂದರು ಓದುಗರು ಒಟ್ಟಾಗಿ.

ಸದ್ದಿಗೆ ಹೊರಬಂದ ಗ್ರಂಥಪಾಲಕಿ ಮೇಡಂ ಏಣಿಯ ಬುಡದಲ್ಲಿ ನಿಂತು ಕತ್ತೆತ್ತಿದರು. "ಇಳೀರಿ ಕೆಳಗೆ. ಅದೇನು, ಅಂಚೆಚೀಟಿನಾ? ಬಿಡಿಸಿ ಮಾಮನ ಕೈಗೆ ಕೊಟ್ಟು ಸುಮ್ಮನೆ ಕೆಲಸ ನೋಡಬಾರದಾ?"

"ನೀವೂನಾ ಮೇಡಂ!"

ಆ ದಿನದ ರಜೆ ಅರ್ಜಿಯನ್ನು ಅಂಟಣ್ಣ ಏಣಿಯ ಮೇಲೆ ಕೂತೇ ಬರೆದು ಕೆಳಗೆ ಬಿಟ್ಟ. ಅದು ತೇಲಿಕೊಂಡು ಬಂದು ಮೇಡಂ ತಲೆಯ ಮೇಲೆ ಇಳಿಯಿತು.

ಸಂಜೆ ಐದಕ್ಕೆ ಪ್ರದರ್ಶನದ ಸಭಾಂಗಣ ತುಂಬಿತ್ತು. ಏನಾಗುತ್ತದೋ ನೋಡಿಯೇ ಬಿಡೋಣವೆಂದು ಹೆಂಡತಿ ಬಂದಿದ್ದಳು, ಮೇಷ್ಟ್ರು ಬಂದಿದ್ದರು, ಕೆಟಲು ಬಿಟ್ಟು ಬೈಂಡರ್ ಮಾಮನೂ ಬಂದಿದ್ದ. ಅಂಟಣ್ಣ ಹೆಸರು ಕೊಟ್ಟದ್ದು 'ಪತ್ರದ ಮೇಲಿನ ಚೀಟಿ' ವಿಭಾಗಕ್ಕೆ. ತೀರ್ಪುಗಾರ್ತಿ ಬೆಳ್ಳಿಕೂದಲಿನ ಅಜ್ಜಿ. ಭೂತಗನ್ನಡಿಯನ್ನು ಕಣ್ಣಿಗೇ ಸಿಕ್ಕಿಸಿಕೊಂಡು ಪತ್ರದ ಮೇಲೆ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಚೀಟಿ ಅಪ್ಪಟ. ಪತ್ರಾನೂ ಅಪ್ಪಟ," ಎಂದರು ಕೊನೆಗೆ. ಅಂಟಣ್ಣನ ಎದೆ ಎರಡು ಅಂಗುಲ ಉಬ್ಬಿತು. "ಆದ್ರೆ ಇವೆರಡೂ ಒಂದಕ್ಕೊಂದು ಸೇರಿದ್ದಾ ಅಂತ ನನಗೆ ಅನುಮಾನ. ನೋಡಪ್ಪ, ಮುದ್ರೆಯ ಗೆರೆ ಚೀಟಿಯಿಂದ ಕಾಗದಕ್ಕೆ ಇಳಿಯೋ ಕಡೆ ಕೂದಲೆಳೆಯಷ್ಟು ಪಕ್ಕಕ್ಕೆ ಹೋಗಿದೆ. ಬೇರೆ ಯಾವುದೋ ಚೀಟಿ ತಂದು ಆಮೇಲೆ ಅಂಟಿಸಿರಬಹುದು. 'ಅನುಮಾನಾಸ್ಪದ' ಅಂತ ಒಂದು ಫಲಕ ಇಟ್ಟು ಪ್ರದರ್ಶನಕ್ಕೆ ಇಡ್ತೀನಿ. ಆಯ್ತಾ?"

ಹಿಂದಿನಿಂದ ಹೆಂಡತಿಯ ಧ್ವನಿ: "ಒಂಬತ್ತು ಆಲ್ಬಮ್ ಕೊಟ್ಟು ತಂದ ಪತ್ರ!"

ಅಂಟಣ್ಣನ ಕಿವಿಗಳು ಕೆಂಪಾದವು. "ಅನುಮಾನವಾ? ನನ್ನ ಪತ್ರದ ಮೇಲೆ? ಹುಟ್ಟಿದಾಗಿನಿಂದ ಆ ಚೀಟಿ ಅಲ್ಲೇ ಇದೆ!"

"ಇರಬಹುದು. ಬಿಡಿಸದೇ ಖಚಿತವಾಗಿ ಹೇಳೋಕಾಗಲ್ಲ. ಬಿಡಿಸು ಅಂತ ನಾನು ಹೇಳ್ತಿಲ್ಲ."

"ನೀವು ಹೇಳೋದು ಬೇಡ, ನಾನೇ ಹೇಳ್ತೀನಿ! ಮೇಷ್ಟ್ರೇ, ಎಲ್ಲಿ ನಿಮ್ಮ ಚಿಮುಟ? ಮಾಮ, ನೀರು ತಾ! ಎಲ್ಲರೂ ಕಣ್ಣು ಬಿಟ್ಟು ನೋಡಿ!"

"ರೀ, ಬೆಳಿಗ್ಗೆ ನೀವೇ ತಾನೆ..." ಎಂದು ಹೆಂಡತಿ ಬಾಯಿ ತೆರೆದಳು.

"ಬೆಳಿಗ್ಗೆ ಯಾರೂ ಅನುಮಾನ ಪಟ್ಟಿರಲಿಲ್ಲ!"

"ಇನ್ನೊಂದು ಸಲ ಯೋಚನೆ ಮಾಡಪ್ಪ," ಎಂದರು ಅಜ್ಜಿ. ಅಷ್ಟರಲ್ಲಿ ಪತ್ರದ ಮೂಲೆ ನೀರಿನಲ್ಲಿತ್ತು.

ಸಭಾಂಗಣವಿಡೀ ಮೇಜಿನ ಸುತ್ತ ಮುತ್ತಿಕೊಂಡಿತು. ಚೀಟಿ ಮೊದಲು ಒಂದು ಮೂಲೆ ಎತ್ತಿತು, ಆಮೇಲೆ ಇನ್ನೊಂದು, ಕೊನೆಗೆ ಸದ್ದಿಲ್ಲದೆ ಕಳಚಿ ಮೇಷ್ಟ್ರ ಚಿಮುಟಕ್ಕೆ ಬಂತು. ಅದರ ಕೆಳಗೆ ನೂರೈವತ್ತು ವರ್ಷಕ್ಕೂ ಮಿಕ್ಕಿ ಬಿಸಿಲು ಕಾಣದ, ಹಾಲಿನಷ್ಟು ಬೆಳ್ಳಗಿನ ಒಂದು ಪುಟ್ಟ ಚೌಕ. ಕೆಂಪು ಮುದ್ರೆ ಆ ಚೌಕದ ಅಂಚಿಗೆ ಬಂದು ಚಾಕುವಿನಲ್ಲಿ ಕೊಯ್ದ ಹಾಗೆ ನಿಂತಿತ್ತು. ಅಜ್ಜಿ ಚೀಟಿಯನ್ನು ಚೌಕದ ಮೇಲೆ ಹಿಡಿದು ಕೂದಲೆಳೆಯಷ್ಟು ಸರಿಸಿದರು. ಗೆರೆಗೆ ಗೆರೆ ಕೂಡಿತು.

"ಅಯ್ಯೋ, ಇದೇ ಜಾಗ! ಯಾವ ಕಾಲದಲ್ಲೋ ಯಾರೋ ಎತ್ತಿ ನೋಡಿ, ವಾಪಸ್ ಅಂಟಿಸುವಾಗ ಒಂಚೂರು ಜಾರಿಸಿದ್ದಾರೆ. ನಿನ್ನ ಮಾತೇ ನಿಜ ಕಣಪ್ಪ. ಅಪ್ಪಟ!"

ಚಪ್ಪಾಳೆಯೋ ಚಪ್ಪಾಳೆ. ಅಂಟಣ್ಣ ಕುರ್ಚಿಯ ಮೇಲೇ ಹತ್ತಿದ. "ಕೇಳಿಸ್ತಾ? ನಾನು ಹೇಳಿರಲಿಲ್ವಾ? ಎಲ್ಲಿ ಬಹುಮಾನ?"

ಅಜ್ಜಿ ಕಣ್ಣಿನಿಂದ ಭೂತಗನ್ನಡಿ ತೆಗೆದರು. "ಬಹುಮಾನ ಪತ್ರದ ಮೇಲಿರೋ ಚೀಟಿಗೆ ಅಲ್ವೇನಪ್ಪ? ನಿನ್ನ ಚೀಟಿ ಈಗ ಚಿಮುಟದ ಮೇಲಿದೆ."

"ಅದಕ್ಕೇನು, ವಾಪಸ್ ಅಂಟಿಸ್ತೀನಿ."

"ಅಂಟಿಸಿದ್ರೆ ಅದು ಆಮೇಲೆ ಅಂಟಿಸಿದ ಚೀಟಿ. ಅಂಥದ್ದಕ್ಕೇ ಅಲ್ವಾ ನಾವು ಫಲಕ ಇಡೋದು?"

ಅಂಟಣ್ಣ ಕುರ್ಚಿಯಿಂದ ಇಳಿದ. ಒಂದು ಕೈಯಲ್ಲಿ ಒದ್ದೆ ಕಾಗದ, ಇನ್ನೊಂದರಲ್ಲಿ ಒದ್ದೆ ಚೀಟಿ. ಎಲ್ಲರೂ ಅವನು ಅಳುತ್ತಾನೆಂದು ಕಾದರು. ಅವನು ಗದ್ದ ಎತ್ತಿ ಮೇಜಿನ ಮುಂದೆ ನಿಂತ.

"ಬಹುಮಾನ ಹಾಳಾಗಿ ಹೋಗ್ಲಿ. ನಾನು ಹೇಳಿದ್ದೇ ಸರಿ ಅಂತ ಬರೆದು, ರುಜು ಹಾಕಿ ಕೊಡಿ."

ಅಜ್ಜಿ ಕನಿಕರದಿಂದಲೇ ಹಾಳೆ ಎಳೆದುಕೊಂಡು ಬರೆದರು: 'ಈ ಚೀಟಿ ಈ ಪತ್ರದ ಮೇಲೆಯೇ ಇತ್ತು.'

ಅಂಟಣ್ಣ ಓದಿದ. "ಅದೇನು 'ಇತ್ತು'? 'ಇದೆ' ಅಂತ ತಿದ್ದಿ!"

"ಅದು ನನ್ನ ತಪ್ಪಲ್ಲಪ್ಪ. 'ಇದೆ'ನ 'ಇತ್ತು' ಮಾಡಿದವನು ನೀನೇ."

"ತಿದ್ದೋವರೆಗೂ ಇಲ್ಲಿಂದ ಕದಲಲ್ಲ!" ಎಂದು ಅಂಟಣ್ಣ ಮೇಜಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವನ ಹೆಂಡತಿ ಒಂದು ಕುರ್ಚಿ ಎಳೆದುಕೊಂಡು, ಚಪ್ಪಲಿ ಬಿಚ್ಚಿ, ಇದು ಬೇಗ ಮುಗಿಯುವ ವ್ಯವಹಾರವಲ್ಲವೆಂದು ಬಲ್ಲವಳಂತೆ ಕಾಲು ನೀಡಿ ಕೂತಳು.