ಸೀಟು ತುಂಬಿಸಲು ಹೊರಟ ಭಾವ

ಕಲ್ಲನ್ನೂ ಮಾತಾಡಿಸುವವರು ಇರುತ್ತಾರೆ. ಮಾತಾಡಿ ಮಾತಾಡಿ ಮನುಷ್ಯರನ್ನೇ ಕಲ್ಲು ಮಾಡುವವರು ನಮ್ಮ ಭಾವ!

ಅಕ್ಕನ ಗಂಡ, ಬಳ್ಳಾರಿಯ ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಮೇಷ್ಟ್ರು. ಎಲ್ಲಿ ಕೂತರೂ ತಾಂತ್ರಿಕ ವಿಶ್ವವಿದ್ಯಾಲಯದ ಚರಿತ್ರೆ ಶುರು. ಕೌಲ್ ಬಜಾರಿನಲ್ಲಿ ಪಂಕ್ಚರ್ ಹಾಕಿಸುವಾಗಲೂ ಬಿಡಲಿಲ್ಲ. "ಮೊದಲ ಒಂದೊಂದು ಕಾಲೇಜು ಒಂದೊಂದು ಯೂನಿವರ್ಸಿಟಿ ಕೈಯಾಗಿತ್ತು. ಆಮ್ಯಾಲೆ ಎಲ್ಲಾನೂ ಒಂದ ಯೂನಿವರ್ಸಿಟಿಗೆ ತಂದ್ರು. ಬೀದರ್‌ದಾಗೂ ಮಂಗಳೂರಾಗೂ ಒಂದ ಪಾಠ, ಒಂದ ಪೇಪರ್!" ಪಂಕ್ಚರ್ ಸಾಹೇಬರು ಗಾಳಿ ತುಂಬುತ್ತಾ, "ಹೌದ್ರೀ ಸಾರ್, ಈಗ ಎಲ್ಲಾರ್ಗೂ ಬೇಕಾಗಿರೋದು ಒಂದ, ಕಂಪ್ಯೂಟರ್ ಸೀಟು!" ಎಂದುಬಿಟ್ಟರು.

ಸಂಕಟವೇ ಅದು. ಕಂಪ್ಯೂಟರ್ ವಿಭಾಗದಲ್ಲಿ ನೂಕುನುಗ್ಗಲು, ಮೆಕ್ಯಾನಿಕಲ್ಲಿನಲ್ಲಿ ಸೂತಕ. ಮೇಷ್ಟ್ರುಗಳೇ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರಬೇಕೆಂದು ಕಾಲೇಜಿನ ಅಪ್ಪಣೆ. ಈ ಸಲವೂ ಯಾರೂ ಸೇರದಿದ್ದರೆ ಯೂನಿವರ್ಸಿಟಿಗೆ ಬರೆದು ವಿಭಾಗ ಮುಚ್ಚುತ್ತಾರೆ. ಭಾವನ ಕೆಲಸವೂ ಹೋಗುತ್ತದೆ. ಸ್ಕೂಟರ್ ಓಡಿಸುವ ಕರ್ಮ ಮಾತ್ರ ನನ್ನದು.

ಕುರುಗೋಡಿನ ಮನೆಯೊಂದರಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟು ಕೂರಿಸಿದರು. ಚರಿತ್ರೆ ಅರ್ಧಕ್ಕೆ ಬರುವಷ್ಟರಲ್ಲಿ ತೂಕಡಿಸಿದ ಯಜಮಾನರು ಎಚ್ಚೆತ್ತು, "ಇದನ್ನ ಕಲಿತ್ರ ನೌಕರಿ ಗ್ಯಾರಂಟಿ ಐತೇನ್ರಿ?" ಎಂದರು.

"ನಂದ ಗ್ಯಾರಂಟಿ ಇಲ್ರಿ!" ಎಂದರು ಭಾವ.

ಇಂಥವರು ಸೀಟು ತುಂಬಿಸಿದ ಹಾಗೇ!

ಸಿರುಗುಪ್ಪ ತಾಲೂಕಿನ ದೇಶನೂರಿನಲ್ಲಿ ಮಾತ್ರ ಪವಾಡ ನಡೆಯಿತು. ಗದ್ದೆಯ ಬದಿಯಲ್ಲಿ ಭತ್ತ ನಾಟಿ ಮಾಡುವ ಯಂತ್ರವನ್ನು ಬಿಚ್ಚಿ ಕೂತಿದ್ದ ಹುಡುಗಿ ನಾವು ಬಂದ ಕಾರಣ ಕೇಳಿ ತಾನಾಗಿಯೇ, "ಸಾರ್, ನಂಗ ಮೆಕ್ಯಾನಿಕಲ್ಲ ಬೇಕ್ರಿ. ನಿಮ್ಮ ಕಾಲೇಜಿಗೆ ಬರ್ತೀನ್ರಿ" ಎಂದಳು. ತಂದೆಯೂ ತಲೆಯಾಡಿಸಿದರು. ನಾನು ಕುರುಗೋಡು ಬಸವಣ್ಣನಿಗೆ ಮನಸ್ಸಿನಲ್ಲೇ ಕಾಯಿ ಒಡೆದೆ.

ಭಾವ ಚರಿತ್ರೆ ಮರೆತೇಬಿಟ್ಟರು! ಕೆಸರಿನಲ್ಲೇ ಕೂತು, ಸಸಿ ಹಿಡಿಯುವ ಕೊಂಡಿ ಹೇಗೆ ಏರಿಳಿಯುತ್ತದೆಂದು ತಿರುಗಿಸಿ ತಿರುಗಿಸಿ ತೋರಿಸಿದರು. ಅವಳ ಪ್ರಶ್ನೆ ನಿಲ್ಲಲಿಲ್ಲ, ಇವರ ಉತ್ತರವೂ ನಿಲ್ಲಲಿಲ್ಲ. ಕೊನೆಗೆ ಎದ್ದು ಹೇಳಿದರು: "ನಮ್ಮಲ್ಲಿ ಬ್ಯಾಡವ್ವಾ. ನಮ್ಮ ಬ್ರ್ಯಾಂಚು ಇವತ್ತೋ ನಾಳೆನೋ ಮುಚ್ಚತೈತಿ. ಪಾಠ ಎಲ್ಲಾ ಕಡೆ ಒಂದ. ಚಲೋ ಲ್ಯಾಬ್ ಇರೋ ಸರ್ಕಾರಿ ಕಾಲೇಜಿಗೆ ಹೋಗು."

ದಾರಿಯಲ್ಲಿ ನಾನು ಸಿಡಿದೆ. "ಕೈಗೆ ಬಂದ ತುತ್ತು ಬಾಯಿಗೆ ಬರದಂಗ ಮಾಡಿದ್ರಲ್ಲ ಭಾವಾ! ಅಕ್ಕಂಗ ಏನಂತ ಹೇಳ್ತೀರಿ?"

ಹಿಂದೆ ಕೂತಿದ್ದ ಭಾವ ಕೈಗಂಟಿದ್ದ ಕೆಸರನ್ನು ಉಜ್ಜಿಕೊಂಡರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು.

"ಎಷ್ಟು ದಿನ ಆಗಿತ್ತು ಲೇ," ಎಂದರು, "ಯಾರರ ನನಗ ಒಂದು ಪ್ರಶ್ನೆ ಕೇಳಿ!"