ನದಿಯಿಲ್ಲದ ಊರಿನಲ್ಲಿ ಮಾವನ ಸ್ಟೀಮರು

ಒಂದೇ ಒಂದು ನದಿಯೂ ಇಲ್ಲದ ಕುವೈತಿನಲ್ಲಿ ಕೂತು ನದಿಯ ಸ್ಟೀಮರುಗಳ ಚರಿತ್ರೆ ಬರೆಯುವವರು ಇಡೀ ಭೂಮಿಯಲ್ಲಿ ಒಬ್ಬರೇ ಇದ್ದಾರು. ಅವರು ನನ್ನ ಸೋದರಮಾವನೇ ಆಗಬೇಕೆ?

ತುರ್ಕರೂ ಇಂಗ್ಲಿಷರೂ ಒಟ್ಟಿಗೆ ಕಣ್ಣಿಟ್ಟಿದ್ದ ಗಡಿನಾಡಿನ ಟೈಗ್ರಿಸ್ ನದಿ ಮಾವನ ವಿಷಯ. ಬಸ್ರಾಕ್ಕೂ ಬಾಗ್ದಾದಿಗೂ ನಡುವೆ ಉಣ್ಣೆ, ಖರ್ಜೂರ, ಯಾತ್ರಿಕರನ್ನು ಹೊತ್ತು ಓಡಾಡಿದ ಸ್ಟೀಮರುಗಳು ನೀರಿಳಿದಾಗ ಮರಳದಿಣ್ಣೆಗೆ ಸಿಕ್ಕಿಕೊಳ್ಳುತ್ತಿದ್ದವಂತೆ. ಮಾವ ಬರೆಯತೊಡಗಿ ಇಪ್ಪತ್ತು ವರ್ಷವಾಯಿತು. ಪುಸ್ತಕ ಇನ್ನೂ ಬಸ್ರಾ ಬಿಟ್ಟಿಲ್ಲ!

ಒಂದು ಶುಕ್ರವಾರ ಮರುಭೂಮಿಯಲ್ಲಿ ನಮ್ಮ ಕಾರು ಹೂತುಹೋಯಿತು. ಬೇರೆಯವರಾದರೆ ಮರಳಿನಲ್ಲಿ ಹಿಡಿತ ಸಿಗಲೆಂದು ಟಯರಿನ ಗಾಳಿ ಇಳಿಸುತ್ತಾರೆ. ಮಾವ ನಮ್ಮನ್ನೇ ಇಳಿಸಿದರು! "ಮೊದಲು ಸರಕು, ಆಮೇಲೆ ಪ್ರಯಾಣಿಕರು! ಸ್ಟೀಮರಿನಲ್ಲೂ ಹೀಗೇ!"

ಮಡಿಲಲ್ಲಿ ಬಿರಿಯಾನಿ ಪಾತ್ರೆ ಹಿಡಿದು ಕೂತಿದ್ದ ಅತ್ತೆ ಕೇಳಿದರು: "ನಾನು ಸರಕಾ, ಪ್ರಯಾಣಿಕಳಾ?"

"ನೀನು ಕ್ಯಾಪ್ಟನ್ ಮಾರಾಯ್ತಿ. ಕಡೆಗೆ ಇಳಿ."

ಕಾರು ಹಾಗೆ ಹೊರಬಂತೇ? 'ಬಂತು' ಎನ್ನುತ್ತದೆ ನನ್ನ ಡೈರಿ. ನನ್ನ ನೆನಪಿನಲ್ಲಾದರೆ ಯಾರೋ ಪಠಾಣ ಭಾಯಿಯ ಜೀಪೂ ಒಂದು ಹಗ್ಗವೂ ಇವೆ. ಯಾವುದನ್ನು ನಂಬಲಿ?

ಕಳೆದ ವರ್ಷ ನನ್ನ ಕೆಲಸ ಹೋಯಿತು. ಬೇಗ ವೀಸಾ ಕೊಡುವ ಬೇರೆ ಧಣಿ, ಅಂದರೆ ಕಫೀಲ್, ಸಿಗದಿದ್ದರೆ ಇಲ್ಲಿರುವ ಪರವಾನಗಿ ಇಕಾಮಾ ಖಲಾಸ್. ಹೆಂಡತಿ, ಹತ್ತನೇ ತರಗತಿಯ ಮಗಳು, ಎಲ್ಲರೂ ವರ್ಷದ ನಡುವೆಯೇ ಗಂಟುಮೂಟೆ ಕಟ್ಟಬೇಕು. ರಿಗ್ಗೈಯ ನಮ್ಮ ಫ್ಲಾಟಿಗೆ ಮಾವ ಬಂದರು. ಸಮಾಧಾನ ಹೇಳಿಯಾರು ಎಂದುಕೊಂಡೆ. ಒಂದು ಗಂಟೆ ಬಾಯ್ಲರಿನ ಬಗ್ಗೆ ಹೇಳಿದರು!

"ಅಜ್ಜಾ, ಪ್ಲೀಸ್, ನೋ ಮೋರ್ ಸ್ಟೀಮರ್!" ಎಂದು ಮಗಳು ಕೈಮುಗಿದಳು.

ಹೊರಡುವಾಗ ಮಾವ ನನ್ನ ಬಯೋಡೇಟಾದ ಪ್ರತಿಗಳನ್ನು ಕೇಳಿದರು. ಹಿಂಬದಿಯಲ್ಲಿ ಚರಿತ್ರೆ ಬರೆಯಲಿಕ್ಕಿರಬೇಕು ಎಂದು ಸಿಟ್ಟಿನಿಂದಲೇ ಕೊಟ್ಟೆ.

ಮೂರು ವಾರದ ಮೇಲೆ ಸುಲೈಬಿಯಾದ ಒಂದು ಗೋದಾಮಿನಿಂದ ಕರೆ ಬಂತು. ಹೋದೆ. ಈಜಿಪ್ಟಿನ ಮ್ಯಾನೇಜರು ಕೇಳಿದ ಮೊದಲ ಪ್ರಶ್ನೆ: "ಆ ಸ್ಟೀಮರ್ ಭಾಯಿ ನಿಮಗೇನಾಗಬೇಕು?"

"ಮಾವ."

"ಅವರ ಆಫೀಸು ಇಲ್ಲೇ ಪಕ್ಕದಲ್ಲಿ. ದಿನಾ ಊಟದ ಬಿಡುವಿನಲ್ಲಿ ಬರುತ್ತಾರೆ, ಟೈಗ್ರಿಸ್ ಕತೆ ಹೇಳುತ್ತಾರೆ, ಹೋಗುವಾಗ ನಿಮ್ಮ ಬಯೋಡೇಟಾ ಇಟ್ಟುಹೋಗುತ್ತಾರೆ. ಮೊನ್ನೆ ನನ್ನ ಕನಸಿನಲ್ಲೂ ಸ್ಟೀಮರು! ಬಯೋಡೇಟಾ ಚೆನ್ನಾಗಿದೆ, ನಿಮ್ಮನ್ನು ತೆಗೆದುಕೊಳ್ಳುತ್ತೇನೆ. ಆದರೆ ಸ್ಟೀಮರು ಖಲಾಸ್!"

ನಗುತ್ತ ಎದ್ದೆ. ಮೆಟ್ಟಿಲಿಳಿಯುವಾಗ ಹೊಳೆಯಿತು: ದಿನಾ ಊಟದ ಬಿಡುವಿನಲ್ಲಿ ಇಲ್ಲಿದ್ದರೆ, ಮಾವ ಊಟ ಮಾಡಿದ್ದು ಯಾವಾಗ?

ಸಂಜೆ ಮಾವನಿಗೆ ಫೋನ್ ಮಾಡಿದೆ. "ಮಾವ, ಕೆಲಸ ಸಿಕ್ತು. ನಾವು ಇಲ್ಲೇ ಇರ್ತೇವೆ."

ಆ ಕಡೆಯಿಂದ ಅತ್ತೆಯ ದನಿ ಕೇಳಿತು.

"ಎಂತ ಹೇಳಿದೆ ಮಾರಾಯ ಅವರಿಗೆ? ಫೋನು ನನ್ನ ಕೈಗೆ ಕೊಟ್ಟು, ಬಾತ್‌ರೂಮಿಗೆ ಹೋಗಿ, ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದಾರೆ!"